ಬಾವಿಯ ಅರಳಿ

ಪೀಣ್ಯದ ಯಾವ ಶೆಡ್ಡಿನ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದರೂ ಫೋನು ಬರುವುದು ನಮ್ಮ ವಾದಿರಾಜನಿಗೆ. ಬಿಟ್ಟರೆ ಗೋಡೆ ಸೀಳುತ್ತದೆ, ಕಿತ್ತರೆ ಪಾಪ ಸುತ್ತಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಲೇತ್ ಮಷೀನಿಗೆ ಕೈ ಮುಗಿದು ಸ್ವಿಚ್ ಹಾಕುವ ಜನ ಅಶ್ವತ್ಥದ ಮೇಲೆ ಮಚ್ಚು ಎತ್ತುತ್ತಾರೆಯೇ? ಮಾಲೀಕ ಕೆಲಸದವನಿಗೆ ಹೇಳುತ್ತಾನೆ, ಕೆಲಸದವನು ವಾಚ್‌ಮನ್‌ಗೆ ಹೇಳುತ್ತಾನೆ, ವಾಚ್‌ಮನ್ "ನಾನು ಮಕ್ಕಳೊಂದಿಗ ಸಾರ್" ಎಂದು ಹಿಂದೆ ಸರಿಯುತ್ತಾನೆ. ಕೊನೆಗೆ ಯಾರಿಗೋ ನೆನಪಾಗುತ್ತದೆ: ರಾಜಗೋಪಾಲನಗರದಲ್ಲಿ ಒಬ್ಬರು ರಿಟೈರ್ಡ್ ಮನುಷ್ಯ ಇದ್ದಾರೆ, ಅವರು ಬಂದು ತಗೊಂಡು ಹೋಗ್ತಾರೆ.

ವಾದಿರಾಜ ಹೋಗುತ್ತಾನೆ. ಸ್ಕೂಟರಿನ ಮುಂದೆ ಗೋಣಿಚೀಲ, ಚೀಲದಲ್ಲಿ ಉಳಿ, ಸುತ್ತಿಗೆ, ಒಂದು ಬಾಟಲಿ ನೀರು. ಕೈಕಾಲು ತೊಳೆದು ಗಿಡದ ಮುಂದೆ ನಿಂತು, "ಕಡೀತಿಲ್ಲ ಸ್ವಾಮಿ, ಜಾಗ ಬದಲಾಯಿಸ್ತಿದೀನಿ ಅಷ್ಟೆ" ಎಂದು ಮೆಲ್ಲಗೆ ಹೇಳುತ್ತಾನೆ. ಆಮೇಲೆ ಸಿಮೆಂಟನ್ನು ಚೂರು ಚೂರೇ ಕೆತ್ತಿ, ಒಂದು ಬೇರೂ ಹರಿಯದಂತೆ ಬಿಡಿಸುತ್ತಾನೆ. ಶೆಡ್ಡಿನವರು ಬಾಳೆಹಣ್ಣು, ವೀಳ್ಯದೆಲೆ ಕೊಟ್ಟು ಕಳಿಸುತ್ತಾರೆ. ಪಾಪವೂ ಗಿಡವೂ ಒಂದೇ ಚೀಲದಲ್ಲಿ ಇವನ ಮನೆಗೆ ಬರುತ್ತವೆ.

ನಾನು ಶಿವಶಂಕರ್, ಇವನ ಪಕ್ಕದ ಬೀದಿಯವನು. ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಅವನು ಟೂಲ್ ರೂಮಿನಲ್ಲಿ ಫಿಟ್ಟರ್, ನಾನು ಇನ್‌ಸ್ಪೆಕ್ಷನ್. ಅಂದರೆ ಅವನು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಸಂಬಳದ ಕೆಲಸ. ಅಷ್ಟು ವರ್ಷದಲ್ಲಿ ನನಗೆ ಸಿಕ್ಕಿದ್ದು ನಾಲ್ಕೇ ತಪ್ಪು. ಆ ನಾಲ್ಕನ್ನೂ ಅವನು ತಾರೀಖಿನ ಸಮೇತ ನೆನಪಿಟ್ಟುಕೊಂಡಿದ್ದಾನೆ, ಎರಡನೆಯದು ತನ್ನ ತಪ್ಪಲ್ಲ ಎಂದು ಈಗಲೂ ವಾದಿಸುತ್ತಾನೆ.

ಅವನ ಟೆರೇಸಿನ ಮೇಲೆ ನಲವತ್ತಕ್ಕೂ ಹೆಚ್ಚು ಬೋನ್ಸಾಯ್ ಮರಗಳಿವೆ. ಗಿಡ ಎಂದರೆ ಮುಖ ಸಿಂಡರಿಸುತ್ತಾನೆ, ಮರ ಎನ್ನಬೇಕು. ಒಂದೂ ನರ್ಸರಿಯಿಂದ ಬಂದಿದ್ದಲ್ಲ. ಆಡುಗಳು ವರ್ಷಗಟ್ಟಲೆ ಮೇಯ್ದು ಮೊಟಕಾದ ಎಲಚಿ, ಕಲ್ಲು ಕ್ವಾರಿಯ ಅಂಚಿನ ಹುಣಸೆ, ಬಚ್ಚಲ ಪೈಪಿನ ಸಂದಿಯಲ್ಲಿ ಬೆಳೆದ ಬಸರಿ, ಮತ್ತೆ ಗೋಡೆ ಗೋಡೆಗಳಿಂದ ಬಂದ ಅರಳಿಗಳು. "ಕಷ್ಟ ಏನು ಅಂತ ಇವಕ್ಕೆ ಮೊದಲೇ ಗೊತ್ತು ಕಣೋ. ನಾನು ಬರೀ ಫಿನಿಶಿಂಗ್ ಮಾಡೋನು" ಎನ್ನುತ್ತಾನೆ.

ಅವನ ಹೆಂಡತಿ ಸುಬ್ಬಲಕ್ಷ್ಮಿಯವರಿಗೆ ಅರಳಿಗಳ ಬಗ್ಗೆ ತಕರಾರಿತ್ತು. ಅಶ್ವತ್ಥವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಅವರ ಅಮ್ಮ ಹೇಳಿದ್ದರು. "ಮನೇಲಿ ಎಲ್ಲಿಟ್ಟಿದೀನೆ, ಮನೆ ಮೇಲಿಟ್ಟಿದೀನಿ" ಎಂದು ಇವನು. ಒಂದು ತಿಂಗಳು ಮಾತು ಬಿಟ್ಟರು. ಆಮೇಲೆ ಒಂದು ಶನಿವಾರ ಬೆಳಿಗ್ಗೆ ನಾನು ಮೇಲೆ ಹೋದರೆ, ಏಳು ಅರಳಿಗಳನ್ನೂ ನೀರಿನ ಟ್ಯಾಂಕಿನ ಪಕ್ಕ ಒಟ್ಟಿಗೆ ಇಡಿಸಿಕೊಂಡು ಆಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಒಂದು ಸುತ್ತಿಗೆ ಏಳು ಸುತ್ತಿನ ಪುಣ್ಯ. ಅಂಥ ಲೆಕ್ಕದ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಇವನ ಬಗ್ಗೆ ಹೇಳಬೇಕೆಂದರೆ ಒಂದು ಮರದ ಕಥೆ ಹೇಳಿದರೆ ಸಾಕು. ಅವನ ಒಳ್ಳೆಯತನವೂ ಕಳ್ಳತನವೂ ಎರಡೂ ಅದರಲ್ಲಿವೆ.

ಮೂರೂವರೆ ವರ್ಷದ ಹಿಂದೆ, ಆಷಾಢ ಮಾಸದಲ್ಲಿ, ಚಿಕ್ಕಬಾಣಾವರದಿಂದ ರಾಮಾಂಜಿನಪ್ಪ ಎನ್ನುವವರು ಫೋನು ಮಾಡಿದರು. ಅಲ್ಲಿನ ಮೂಲದವರು. ಅಪ್ಪನ ಕಾಲದಲ್ಲಿ ರಾಗಿ, ಸೊಪ್ಪು ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಕೊನೆಗೆ ಉಳಿದ ಒಂದು ತುಂಡು ಜಾಗದಲ್ಲಿ ಹಳೆಯ ಬಾವಿ ಇತ್ತು. ಅದನ್ನು ಮುಚ್ಚಿ ನಾಲ್ಕು ಮಹಡಿ ಎಬ್ಬಿಸಬೇಕು. ಜಾಗ ನೋಡಲು ಬಂದ ಜೆಸಿಬಿ ಡ್ರೈವರ್ ಬಾವಿಗೆ ಬಗ್ಗಿ ನೋಡಿ, ಗೋಡೆಯಲ್ಲಿ ಅರಳಿ ಕಂಡು, "ಮೊದಲು ಇದಕ್ಕೊಂದು ವ್ಯವಸ್ಥೆ ಮಾಡಿ, ಆಮೇಲೆ ನನ್ನ ಕರೀರಿ" ಎಂದು ಹೊರಟುಹೋಗಿದ್ದ.

"ಶ್ರಾವಣ ಮೊದಲನೇ ಶುಕ್ರವಾರ ಗುದ್ದಲಿ ಪೂಜೆ ಸಾರ್. ಅಷ್ಟರೊಳಗೆ ಎತ್ಕೊಂಡೋಗ್ಬಿಡಿ, ನಿಮ್ಗೆ ಪುಣ್ಯ ಬರುತ್ತೆ" ಎಂದರು ರಾಮಾಂಜಿನಪ್ಪ. ಪಾಪದ ಮಾತನ್ನು ಪುಣ್ಯದ ಮಾತು ಮಾಡಿ ಹೇಳುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಇಬ್ಬರೂ ಹೋದೆವು. ಚೌಕದ ಬಾವಿ, ಸೈಜುಗಲ್ಲಿನ ಗೋಡೆ, ಒಂದು ಪಕ್ಕಕ್ಕೆ ಮೆಟ್ಟಿಲು. ನೀರು ಬತ್ತಿ ಇಪ್ಪತ್ತು ವರ್ಷವಾಗಿತ್ತು, ತಳದಲ್ಲಿ ಪ್ಲಾಸ್ಟಿಕ್ ಕವರು, ಒಡೆದ ಟೈಲ್ಸು. ಎಂಟು ಅಡಿ ಕೆಳಗೆ, ಎರಡು ಕಲ್ಲುಗಳ ನಡುವಿನಿಂದ ಆ ಅರಳಿ ಹೊರಬಂದಿತ್ತು. ಬುಡ ನನ್ನ ತೊಡೆಗಿಂತ ದಪ್ಪ, ಎತ್ತರ ಮಾತ್ರ ಮೂರಡಿ. ವಾದಿರಾಜ ಮೆಟ್ಟಿಲಿಳಿದು ಅದರ ಎದುರು ಕೂತವನು ಕಾಲು ಗಂಟೆ ಮೇಲೇಳಲಿಲ್ಲ. ಬಿಪಿ ಹೆಚ್ಚುಕಡಿಮೆ ಆಯಿತೇನೋ ಎಂದು ನಾನು ಗಾಬರಿಯಾದೆ.

"ಶಿವು, ಇಂಥದ್ದನ್ನ ಮನುಷ್ಯ ಮಾಡೋಕಾಗಲ್ಲ ಕಣೋ" ಎಂದ ಕೊನೆಗೆ.

ಮೇಲೆ ಬಾವಿಕಟ್ಟೆಯ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಕೊಡೆ ಹಿಡಿದು ನಿಂತಿದ್ದರು. ರಾಮಾಂಜಿನಪ್ಪನವರ ತಾಯಿ ನಾಗಲಕ್ಷ್ಮಮ್ಮ. ಎಪ್ಪತ್ತರ ಆಸುಪಾಸು, ತೆಳ್ಳಗೆ, ಬೆನ್ನು ನೆಟ್ಟಗೆ. ತಾನು ಮದುವೆಯಾಗಿ ಈ ಮನೆಗೆ ಬಂದಾಗ ಈ ಅರಳಿಗೆ ಎರಡೇ ಎಲೆ ಇತ್ತು ಎಂದರು. ಮಗ ಪಕ್ಕದಲ್ಲಿ ಫೋನಿನಲ್ಲಿ ಕಂಬಿಯ ವಿಚಾರ ಮಾತಾಡುತ್ತಿದ್ದ. ಅವನತ್ತ ಒಮ್ಮೆ ನೋಡಿ ಆಕೆ ವಾದಿರಾಜನ ಹತ್ತಿರ ಬಂದರು.

"ಐನೋರೆ, ತಗೊಂಡೋಗಿ. ಎಂಗಾದ್ರೂ ಮಾಡಿ ಬದುಕ್ಸಿ. ಮನೆ ಎದ್ದ ಮ್ಯಾಲೆ ಮೂಡ್ಲ ಮೂಲೇಲಿ ಒಂದು ಕಟ್ಟೆ ಆಗೋವಷ್ಟು ಜಾಗ ನಾನು ಬುಡಿಸ್ತೀನಿ. ಅಲ್ಲಿ ತಂದು ನೆಲಕ್ಕೆ ನೆಡಬೇಕು. ಮಾತು ಕೊಡಿ."

"ಆಯ್ತಮ್ಮ."

"ಅಂಗಲ್ಲ. ಬಾವಿ ಮುಟ್ಟಿ ಏಳಿ."

ವಾದಿರಾಜ ಬಗ್ಗಿ ಕಟ್ಟೆಯ ಕಲ್ಲು ಮುಟ್ಟಿ, ನೆಲಕ್ಕೇ ನೆಡುತ್ತೇನೆ ಎಂದ. ನನ್ನ ಕಿವಿಯಾರೆ ಕೇಳಿದ ಮಾತು ಇದು.

ಬಿಡಿಸಲು ಮೂರು ದಿನ ಹಿಡಿಯಿತು. ಹಿಂದೊಮ್ಮೆ ಪಾಪ ಇಳಿಸಿಕೊಂಡಿದ್ದ ಪೀಣ್ಯದ ಶೆಡ್ಡಿನವರೊಬ್ಬರು ಚೈನ್ ಪುಲ್ಲಿ, ಕಬ್ಬಿಣದ ಮುಕ್ಕಾಲಿ ಕೊಟ್ಟರು. ಒಂದೊಂದೇ ಕಲ್ಲನ್ನು ಹಾರೆಯಿಂದ ಮೀಟಿ ಎತ್ತಿದೆವು. ಎತ್ತಿದೆವು ಎಂದರೆ ಅವನು ಮೀಟಿದ, ನಾನು ಪುಲ್ಲಿಯ ಸರಪಳಿ ಎಳೆದೆ, ಆಮೇಲೆ ಎರಡು ವಾರ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡೆ. ಕಲ್ಲು ಸರಿದಾಗ ಬೇರುಗಳು ಕಂಡವು. ಕಲ್ಲಿನ ಸಂದಿಯಲ್ಲಿ ಬೆಳೆದು ಬೇರೆಲ್ಲ ರೊಟ್ಟಿಯಂತೆ ಚಪ್ಪಟೆಯಾಗಿ, ಬೀಸಣಿಗೆಯ ಹಾಗೆ ಹರಡಿಕೊಂಡಿತ್ತು. ಮೂರನೆಯ ದಿನ ಮಧ್ಯಾಹ್ನ ಒದ್ದೆ ಗೋಣಿಯಲ್ಲಿ ಸುತ್ತಿ ಟೆಂಪೋಗೆ ಏರಿಸಿದೆವು. ನಾಗಲಕ್ಷ್ಮಮ್ಮ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಗಾಡಿ ಹೊರಡುವ ಮೊದಲೇ ತಿರುಗಿ ಒಳಗೆ ಹೋಗಿಬಿಟ್ಟರು.

ಅರ್ಧ ಕೊಯ್ದ ನೀಲಿ ಡ್ರಮ್ಮಿನಲ್ಲಿ ಇಟ್ಟಿಗೆ ಚೂರು, ಮರಳು ತುಂಬಿ ಮರವನ್ನು ನಿಲ್ಲಿಸಿದ್ದಾಯಿತು. ಗಾಯಗಳಿಗೆ ಸಗಣಿ, ಕೆಮ್ಮಣ್ಣು, ಅರಿಶಿನ ಕಲಸಿ ಮೆತ್ತಿದ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಒಂದೇ ವಾರದಲ್ಲಿ ಎಲೆಯೆಲ್ಲ ಉದುರಿತು. ಆಮೇಲೆ ಏಳು ವಾರ ಏನೂ ಇಲ್ಲ. ಆ ಏಳು ವಾರ ವಾದಿರಾಜ ಮನುಷ್ಯನಾಗಿರಲಿಲ್ಲ. ಬೆಳಿಗ್ಗೆ ಎದ್ದವನೇ ಹಾಳೆಯೊಳಗೆ ತಲೆ ತೂರಿಸಿ, ತೊಗಟೆಯನ್ನು ಉಗುರಿನಿಂದ ಒಂದಿಷ್ಟೇ ಕೆರೆದು ಹಸಿರಿದೆಯೇ ಎಂದು ನೋಡುವುದು, ಇಳಿದು ಬಂದು ತಿಂಡಿಯನ್ನು ತಟ್ಟೆಯಲ್ಲೇ ಬಿಡುವುದು. "ನನಗೆ ಜಾಂಡೀಸ್ ಆದಾಗ ಇಷ್ಟು ನೋಡಿರ್ಲಿಲ್ಲ" ಎಂದು ಸುಬ್ಬಲಕ್ಷ್ಮಿಯವರು ನನ್ನ ಹತ್ತಿರ ದೂರು ಹೇಳಿದರು.

ಐವತ್ತೇಳನೆಯ ದಿನ ಬನಿಯನ್ನಿನಲ್ಲೇ ನಮ್ಮ ಮನೆಗೆ ಓಡಿಬಂದ. ಒಂದು ಕಡೆ ಅಕ್ಕಿಕಾಳಿನಷ್ಟು ಕೆಂಪು ಮೊಳಕೆ ಬಂದಿತ್ತು. ಅಲ್ಲಿಂದಲೇ ನಾಗಲಕ್ಷ್ಮಮ್ಮನವರಿಗೆ ಫೋನು ಮಾಡಿದ. ಆಕೆ ಕೇಳಿದ್ದು, "ಊಟ ಮಾಡಿದ್ರಾ ಐನೋರೆ?" ಎಂದು. ಅವನು ಗಳಗಳ ಅತ್ತುಬಿಟ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಗೆಳೆಯ ದೇವರಂಥ ಮನುಷ್ಯ. ಆದರೆ ಅವನು ಟೂಲ್ ರೂಮಿನವನು. ಕೈಗೆ ಸಿಕ್ಕಿದ್ದನ್ನು ಇದ್ದ ಹಾಗೆ ಬಿಟ್ಟು ಗೊತ್ತಿಲ್ಲದ ಜಾತಿ.

ಒಂದೂವರೆ ವರ್ಷ ಡ್ರಮ್ಮಿನಲ್ಲಿ ಮರ ಸೊಂಪಾಗಿ ಚಿಗುರಿತು. ಒಂದು ಭಾನುವಾರ ನಾನು ಮೇಲೆ ಹೋದರೆ ಡ್ರಮ್ ಖಾಲಿ. ವಾದಿರಾಜ ಮರವನ್ನು ಗೋಣಿಯ ಮೇಲೆ ಮಲಗಿಸಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬೇರು ತೊಳೆಯುತ್ತಿದ್ದ.

"ಇದೇನೋ?"

"ಬೇರು ಹೆಂಗಿದೆ ನೋಡೋಣ ಅಂತ ತೆಗೆದೆ."

"ನೋಡಿದ್ಯಲ್ಲ, ವಾಪಸ್ ಇಡು."

"ನೋಡಿದೆ, ಅದೇ ತಪ್ಪಾಗಿದ್ದು" ಎಂದ. ಪಕ್ಕದಲ್ಲಿ ಮೂರು ಇಂಚು ಆಳದ, ಅಗಲವಾದ ಸಿಮೆಂಟ್ ತಟ್ಟೆ ಕುಂಡ ಸಿದ್ಧವಾಗಿತ್ತು. ಅಚ್ಚು ಅವನದೇ. ಅಂದರೆ ವಾರದ ಹಿಂದೆಯೇ ಅಳತೆ ತೆಗೆದು ಎರಕ ಹೊಯ್ದಿದ್ದ. ಆ ಚಪ್ಪಟೆ ಬೇರುಗಳನ್ನು ಮಣ್ಣಿನಲ್ಲಿ ಹೂತರೆ ಯಾರಿಗೂ ಕಾಣುವುದಿಲ್ಲ, ತಟ್ಟೆಯಲ್ಲಿಟ್ಟರೆ ಜಗತ್ತೇ ನೋಡುತ್ತದೆ ಎನ್ನುವುದು ಅವನ ವಾದ.

"ಬಾವಿ ಮುಟ್ಟಿದ್ದೀಯ ನೀನು" ಎಂದೆ.

"ಈಗೇನು, ಕುಂಡದಲ್ಲಿ ಸ್ವಲ್ಪ ದಿನ ಇರ್ಲಿ. ಟೈಮ್ ಬಂದಾಗ ನೆಲಕ್ಕೆ ನೆಟ್ರಾಯ್ತು."

ಟೈಮ್ ಬರುವವರೆಗೆ ಅವನ ಕೈ ಸುಮ್ಮನಿರಲಿಲ್ಲ. ಮೊದಲು ನೆಟ್ಟಗೆ ಹೋಗಿದ್ದ ದಪ್ಪ ಕೊಂಬೆ ಹೋಯಿತು, ಅದರ ಮೊಂಡು ಕಾಣದಂತೆ ಉಳಿಯಿಂದ ಒಳಕ್ಕೆ ಕೆತ್ತಿ, ಹಳೆಯ ಪೊಟರೆಯಂತೆ ಮಾಡಿದ. ಆಮೇಲೆ ಎಲೆಯೆಲ್ಲ ಕತ್ತರಿಸಿ, ಮತ್ತೆ ಚಿಗುರಿಸಿ, ಮತ್ತೆ ಕತ್ತರಿಸಿ, ಅಂಗೈಯಗಲದ ಎಲೆಯನ್ನು ಹೆಬ್ಬೆರಳಿನಷ್ಟಕ್ಕೆ ಇಳಿಸಿದ. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಹಳೆಯ ತಾಮ್ರದ ತಂತಿ ತಂದು, ಮೇಲಿನ ಲೇಪ ಹೋಗಿ ತಂತಿ ಮೆತ್ತಗಾಗಲಿ ಎಂದು ಬೆಂಕಿಯಲ್ಲಿ ಕಾಯಿಸಿ, ಕೊಂಬೆ ಕೊಂಬೆಗೂ ಸುತ್ತಿದ. ಸುತ್ತಿನ ನಡುವಿನ ಅಂತರವನ್ನು ನಾನು ಕಣ್ಣಳತೆಯಲ್ಲೇ ನೋಡಿದೆ, ಎಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಂತರ ಒಂದೊಂದೇ ಕೊಂಬೆಯನ್ನು ದಿನಕ್ಕಿಷ್ಟು ಎಂದು ಕೆಳಕ್ಕೆ ಬಗ್ಗಿಸಿದ. ಹಳೆಯ ಮರ ಎಂದರೆ ಕೊಂಬೆ ಬಾಗಿರಬೇಕು, ಅದು ನಿಯಮವಂತೆ. ಅರಳಿಯ ಕೊಂಬೆ ಮಾತು ಕೇಳುವುದಿಲ್ಲ, ತಂತಿ ಬಿಚ್ಚಿದ ಮರುವಾರವೇ ಮೇಲೆ ಏಳುತ್ತದೆ. ಇವನು ಮತ್ತೆ ಸುತ್ತುತ್ತಿದ್ದ.

ನಿಜ ಹೇಳಬೇಕು. ಇನ್‌ಸ್ಪೆಕ್ಷನ್ ಮನುಷ್ಯನಾಗಿ ನಾನು ಹೇಳುತ್ತಿದ್ದೇನೆ, ಮರ ತುಂಬಾ ಚೆನ್ನಾಗಿತ್ತು. ವೈಟ್‌ಫೀಲ್ಡ್ ಕಡೆಯ ಬೋನ್ಸಾಯ್ ಸಂಘದವರು ಎರಡು ಕಾರಿನಲ್ಲಿ ಬಂದು, ಸುತ್ತ ನಿಂತು ಫೋಟೋ ಹಿಡಿದು, ಮುಂದಿನ ಪ್ರದರ್ಶನಕ್ಕೆ ಇದೇ ಬರಬೇಕು ಎಂದರು. ಅವರು ಹೋದ ಮೇಲೆ ವಾದಿರಾಜ ತುಂಬಾ ಹೊತ್ತು ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದ. ಸಂತೋಷವೂ ಇತ್ತು, ಭಯವೂ ಇತ್ತು. ಎರಡೂ ಒಂದೇ ಮರದ್ದು.

ಭಯಕ್ಕೆ ಕಾರಣ ಫೋನು. ಎರಡು ಮೂರು ತಿಂಗಳಿಗೊಮ್ಮೆ ನಾಗಲಕ್ಷ್ಮಮ್ಮ ತಪ್ಪದೆ ಕರೆ ಮಾಡುತ್ತಿದ್ದರು. ಸ್ಪೀಕರ್ ಹಾಕಿ ನನಗೂ ಕೇಳಿಸುತ್ತಿದ್ದ, ಪಾಪದಲ್ಲಿ ಪಾಲು ಕೊಡುವವನ ಹಾಗೆ.

"ಅರಳಿ ಎಂಗೈತೆ ಐನೋರೆ?"

"ಚೆನ್ನಾಗಿದೆ ಅಮ್ಮ. ಹೊಸ ಎಲೆ ಬಂದಿದೆ."

"ಎಷ್ಟುದ್ದ ಆಯ್ತು? ನನ್ನಷ್ಟುದ್ದ ಆಗೈತಾ?"

ಬಾವಿಯಲ್ಲಿ ಮೂರಡಿ ಇದ್ದದ್ದು ಆ ಹೊತ್ತಿಗೆ ಎರಡಡಿಗೆ ಇಳಿದಿತ್ತು. "ಬುಡ ದಪ್ಪ ಆಗಿದೆ ಅಮ್ಮ" ಎನ್ನುತ್ತಿದ್ದ ಇವನು. ಅದು ಸುಳ್ಳಲ್ಲ, ವರ್ನಿಯರ್ ಹಿಡಿದು ಅಳೆದಿದ್ದ, ನಾಲ್ಕು ಮಿಲಿಮೀಟರ್ ಹೆಚ್ಚಾಗಿತ್ತು. ಫೋನಿಟ್ಟ ಮೇಲೆ ನನ್ನ ಮುಖ ನೋಡುತ್ತಿರಲಿಲ್ಲ. ನಾನೂ ಬೈಯುವುದನ್ನು ಬಿಟ್ಟಿದ್ದೆ. ಬೈದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು, ಅಷ್ಟು ಸುಲಭಕ್ಕೆ ಬಿಡುವುದು ನನಗೆ ಇಷ್ಟವಿರಲಿಲ್ಲ.

ಈ ಸಲದ ಮಾಘದಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ನಾವಿಬ್ಬರೂ ಟೆರೇಸಿನ ಮೇಲಿದ್ದಾಗ ಕೆಳಗಿನಿಂದ ಸುಬ್ಬಲಕ್ಷ್ಮಿಯವರ ಧ್ವನಿ ಕೇಳಿತು. "ಏನ್ರೀ, ಚಿಕ್ಕಬಾಣಾವರದಿಂದ ನಾಗಲಕ್ಷ್ಮಮ್ಮನವರು ಬಂದಿದ್ದಾರೆ. ಮೇಲೇ ಬರ್ತಾರಂತೆ."

ವಾದಿರಾಜನ ಕೈಯಿಂದ ಇಕ್ಕಳ ಜಾರಿತು. ಮರವನ್ನು ಟ್ಯಾಂಕಿನ ಹಿಂದಕ್ಕೆ ಎಳೆಯೋಣವೇ ಎನ್ನುವಂತೆ ನನ್ನ ಕಡೆ ನೋಡಿದ. ನಾನು ಕೈ ಕಟ್ಟಿಕೊಂಡು ನಿಂತೆ.

ಆಕೆ ಮಂಡಿಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. "ಆಧಾರ್ ಕಾರ್ಡ್ ತೋರ್ಸಿ ಫ್ರೀ ಬಸ್ಸಲ್ಲಿ ಬಂದೆ" ಎಂದು ನಕ್ಕರು. ಕೈಯಲ್ಲಿ ಅರಿಶಿನ ಹಚ್ಚಿದ ಆಮಂತ್ರಣ ಪತ್ರಿಕೆ ಇತ್ತು. ಹೊಸ ಮನೆಯ ಗೃಹಪ್ರವೇಶ, ಇನ್ನು ಹನ್ನೆರಡು ದಿನಕ್ಕೆ. ಪತ್ರಿಕೆ ಕೊಟ್ಟು ಸುತ್ತ ನೋಡಿದರು. ಪ್ಯಾರಪೆಟ್ ಗೋಡೆಯ ಆಚೆ ಬಗ್ಗಿ ಬೀದಿ, ಪಾರ್ಕು ಎಲ್ಲ ನೋಡಿದರು. ದೊಡ್ಡ ಮರವೊಂದನ್ನು ಹುಡುಕುತ್ತಿದ್ದರು.

"ಎಲ್ಲೈತೆ ನಮ್ಮರಳಿ?"

ವಾದಿರಾಜ ಬೆರಳು ತೋರಿಸಿದ.

ಆಕೆ ಹತ್ತಿರ ಹೋದರು. ಬಾಗಿ ಬೇರನ್ನು ನೋಡಿದರು, ಅಂಗೈಯಿಂದ ಬುಡ ಸವರಿದರು. ಆ ಕೈಗೆ ಗುರುತು ಸಿಕ್ಕಿತು ಎಂದು ನಮಗೆ ಗೊತ್ತಾಯಿತು. ಆಮೇಲೆ ಬೆರಳು ತಂತಿಯ ಮೇಲೆ ನಿಂತಿತು.

"ಇದ್ಯಾಕೆ ತಂತಿ?"

"ವಯಸ್ಸಾದ ಮರ ಅಂದ್ರೆ ಕೊಂಬೆ ಕೆಳಗೆ ಬಾಗಿರ್ಬೇಕು ಅಮ್ಮ. ಅದಕ್ಕೆ ಬಗ್ಗಿಸಿ ಕಟ್ಟಿದೀನಿ."

"ಹೊಲದಾಗಿನ ಮರಕ್ಕೆ ಅಂಗೆ. ಇದು ಬಾವಿಯೊಳಗೆ ಬೆಳ್ದಿದ್ದು. ಬೆಳಕು ಇದ್ದಿದ್ದೇ ಮ್ಯಾಲೆ. ಐವತ್ತು ವರ್ಷ ಕತ್ತೆತ್ತಿ ಆಕಾಶ ನೋಡ್ಕೊಂಡೇ ಬದುಕೈತೆ ಐನೋರೆ ಇದು. ಇದರ ತಲೆ ಯಾಕೆ ತಗ್ಸೀರಿ? ಬಿಚ್ಚಿ."

ಎರಡು ವರ್ಷ ಆ ಕೊಂಬೆಗಳು ಮತ್ತೆ ಮತ್ತೆ ಮೇಲೆದ್ದದ್ದನ್ನು ನಾವಿಬ್ಬರೂ ಹಟ ಎಂದುಕೊಂಡಿದ್ದೆವು. ಮೂವತ್ತೊಂದು ವರ್ಷ ತಪ್ಪು ಹುಡುಕಿದ ನನಗೆ ಇದು ಕಾಣಲಿಲ್ಲ. ಐದನೆಯ ತಪ್ಪು ಹಿಡಿದವರು ನಾಗಲಕ್ಷ್ಮಮ್ಮ.

ವಾದಿರಾಜ ನೆಲದಿಂದ ಇಕ್ಕಳ ಎತ್ತಿಕೊಂಡ. ಸುತ್ತಿದ ತಂತಿಯನ್ನು ಬಿಚ್ಚಿದರೆ ತೊಗಟೆ ಉಜ್ಜಿ ಹೋಗುತ್ತದೆ, ಚೂರು ಚೂರೇ ಕತ್ತರಿಸಬೇಕು. ಅವನು ಕತ್ತರಿಸಿದ, ಆಕೆ ಸೆರಗು ಒಡ್ಡಿ ಚೂರುಗಳನ್ನು ಹಿಡಿದುಕೊಂಡರು. ಮುಕ್ಕಾಲು ಗಂಟೆ ಹಿಡಿಯಿತು. ಪ್ರದರ್ಶನಕ್ಕೆಂದು ಎರಡು ವರ್ಷ ಕಟ್ಟಿದ್ದು ಸೆರಗಿನೊಳಗೆ ಬಂದು ಬಿತ್ತು. ಕೊನೆಯ ತುಂಡು ಬಿದ್ದಾಗ ಅವನು ಇಕ್ಕಳ ಕೆಳಗಿಟ್ಟು, ಆಕೆಯ ಮುಖ ನೋಡದೆ ಹೇಳಿದ.

"ಅಮ್ಮ, ನೆಲಕ್ಕೆ ನೆಡ್ತೀನಿ ಅಂತ ಬಾವಿ ಮುಟ್ಟಿ ಹೇಳಿದ್ದೆ. ಆದ್ರೆ ಆಸೆ ಆಯ್ತು. ಬೇರು ಕತ್ತರಿಸಿ ಕುಂಡಕ್ಕೆ ಹಾಕ್ಬಿಟ್ಟೆ. ನೀವು ಫೋನ್ ಮಾಡ್ದಾಗೆಲ್ಲ ಮುಚ್ಚಿಟ್ಟೆ. ತಪ್ಪು ನಂದೇ. ಗೃಹಪ್ರವೇಶದ ದಿನ ನಾನೇ ತಂದು ನಿಮ್ಮ ಮೂಲೇಲಿ ನೆಡ್ತೀನಿ. ಈಗಲೂ ಬದುಕುತ್ತೆ ಅದು."

ಅವನು ಆ ಮರವನ್ನು ಎಷ್ಟು ಹಚ್ಚಿಕೊಂಡಿದ್ದ ಎಂದು ನನಗೆ ಗೊತ್ತು. ಆ ಗಳಿಗೆಯಲ್ಲಿ ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ನಾಗಲಕ್ಷ್ಮಮ್ಮ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು.

"ಮ್ಯಾಲೆ ಹತ್ತೋವಾಗ ಒಂದೊಂದು ಮೆಟ್ಲಿಗೂ ನಿಂತ್ಕೊಂಡೆ ಐನೋರೆ. ಮಂಡಿ ನೋವಿಗಲ್ಲ" ಎಂದರು. "ಪತ್ರಿಕೆ ಕೊಡೋಕೆ ಮಗನೇ ಬರ್ತಿದ್ದ. ನಾನೇ ಬೇಡ ಅಂದೆ. ನಿಮ್ಗೆ ನಾನು ಬಾಯ್ಬಿಟ್ಟು ಏಳ್ಬೇಕಿತ್ತು. ಮೂಡ್ಲ ಮೂಲೆ ಇಲ್ಲ."

"ಇಲ್ಲ ಅಂದ್ರೆ?"

"ಮೊದ್ಲು ಮಗ ಜಾಗ ಬುಟ್ಟಿದ್ದ. ಆಮೇಲೆ ಲಿಫ್ಟ್ ಬೇಕು ಅಂದ್ರು, ಜನರೇಟ್ರು ಅಲ್ಲಿಟ್ರು. ನಾನು ಮೂರು ದಿನ ಉಣ್ಣದಂಗೆ ಕೂತೆ. ಆಗ್ಲೇ ಕಾಂಕ್ರೀಟ್ ಆಗೋಗಿತ್ತು. ಇಪ್ಪತ್ನಾಲ್ಕು ಮನೆ ಐತೆ, ಒಂದು ಮರಕ್ಕೆ ನೆಲ ಇಲ್ಲ. ನಿಮ್ಮತ್ರ ಮಾತು ಇಸ್ಕೊಂಡೋಳು ನಾನು, ನನ್ನ ಮಾತೇ ಉಳೀಲಿಲ್ಲ. ಒಂದು ತಿಂಗ್ಳಾತು, ಅನ್ನ ಸೇರಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕವರು ಆಕೆ. ಸೆರಗಿನಲ್ಲಿದ್ದ ತಂತಿ ಚೂರುಗಳು ಗಲಗಲ ಅಲುಗುವಷ್ಟು ನಕ್ಕರು, ನಕ್ಕು ಕಣ್ಣು ಒರೆಸಿಕೊಂಡರು. ವಾದಿರಾಜ ನಗಲಾರದೆ, ಅಳಲಾರದೆ ನಿಂತಿದ್ದ. ಸುಬ್ಬಲಕ್ಷ್ಮಿಯವರು ಕಾಫಿ ತಂದರು.

"ನೆಲ ಇದ್ದಿದ್ರೆ ನಿಮ್ಮನ್ನ ಬುಡ್ತಿರ್ಲಿಲ್ಲ" ಎಂದರು ಆಕೆ ಲೋಟ ಕೆಳಗಿಟ್ಟು. "ಇನ್ನು ನಿಮ್ಮತ್ರಾನೇ ಇರ್ಲಿ. ಗೋಡೆ ಸಂದೀಲಿ ಇದ್ದಾಗ್ಲೂ ಇದಕ್ಕೇನು ಎಕರೆಗಟ್ಲೆ ಮಣ್ಣಿತ್ತಾ? ತಂತಿ ಮಾತ್ರ ಬ್ಯಾಡ. ಗೃಹಪ್ರವೇಶದ ದಿನ ಒಂದೊತ್ತು ತನ್ನಿ, ಸಂಜೆ ತಗೊಂಡೋಗಿ."

"ಅರಳಿ ಮನೆಯೊಳಗೆ..." ಎಂದರು ಸುಬ್ಬಲಕ್ಷ್ಮಿಯವರು.

"ಒಳಕ್ಕೆ ಬ್ಯಾಡ ಕಣವ್ವ. ಎಲ್ಲಿಡಬೇಕು ಅಂತ ನಾನು ಏಳ್ತೀನಿ."

ಹನ್ನೆರಡು ದಿನದಲ್ಲಿ ಕೊಂಬೆಗಳು ಮೇಲೆದ್ದವು. ಒಂದೊಂದೂ ತನಗೆ ಬೇಕಾದಷ್ಟು ಎದ್ದು ನಿಂತಿತು. ನಿಯಮದ ಪ್ರಕಾರ ಅದು ಈಗ ಪ್ರದರ್ಶನಕ್ಕೆ ಆಗುವ ಮರವಲ್ಲ. ವಾದಿರಾಜ ಸಂಘದವರಿಗೆ ಫೋನು ಮಾಡಿ ಬರುವುದಿಲ್ಲ ಎಂದ. ಕಾರಣ ಕೇಳಿದ್ದಕ್ಕೆ, "ಡ್ರಾಯಿಂಗ್ ತಪ್ಪಾಗಿ ಓದಿದ್ದೆ ಸಾರ್" ಎಂದ.

ಗೃಹಪ್ರವೇಶದ ಬೆಳಿಗ್ಗೆ ಸೂರ್ಯ ಆಗತಾನೆ ಎದ್ದಿದ್ದ. ಟೆಂಪೋದಿಂದ ಕುಂಡವನ್ನು ನಾವಿಬ್ಬರೂ ಇಳಿಸಿಕೊಂಡೆವು. ನಾಲ್ಕು ಮಹಡಿಗೂ ಮಾವಿನ ತೋರಣ, ಬಣ್ಣದ ದೀಪ. ನೆಲಮಹಡಿಯೆಲ್ಲ ಪಾರ್ಕಿಂಗ್, ಹೊಳೆಯುವ ಟೈಲ್ಸು. ನಾಗಲಕ್ಷ್ಮಮ್ಮ ಗೇಟಿನ ಕಂಬದಿಂದ ಹೆಜ್ಜೆ ಎಣಿಸುತ್ತಾ ಬಂದು ಒಂದು ಕಡೆ ನಿಂತರು. ಅಲ್ಲೇ ಬಾವಿ ಇದ್ದದ್ದು. "ಇಲ್ಲಿಡಿ" ಎಂದರು.

ಹೊಸ ಮನೆಗೆ ಹೆಜ್ಜೆಯಿಡುವ ಮೊದಲು ಬಾವಿಯ ಹತ್ತಿರ ಗಂಗೆ ಪೂಜೆ ಮಾಡಿ, ಕಳಶದಲ್ಲಿ ನೀರು ಹೊತ್ತು ತರುವುದು ಪದ್ಧತಿ. ಈಗ ಬಾವಿಯೆಲ್ಲಿ? ಪುರೋಹಿತರು ಬೋರ್‌ವೆಲ್ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಕಟ್ಟಿ, "ಬೇಗ ಬನ್ನಿ, ಮುಹೂರ್ತ ಮೀರುತ್ತೆ" ಎಂದು ಕೂಗುತ್ತಿದ್ದರು. ರಾಮಾಂಜಿನಪ್ಪ ರೇಷ್ಮೆ ಪಂಚೆಯಲ್ಲಿ ಒಂದು ಕಿವಿಗೆ ಫೋನು ಹಿಡಿದು, ಅಡುಗೆಯವರಿಗೂ ಶಾಮಿಯಾನದವರಿಗೂ ಒಟ್ಟಿಗೆ ಜೋರು ಮಾಡುತ್ತಿದ್ದರು.

"ಅಲ್ಲಿ ಬ್ಯಾಡ ಸ್ವಾಮಿ. ಇದಕ್ಕೆ ಮಾಡಿ ಗಂಗೆ ಪೂಜೆ" ಎಂದರು ನಾಗಲಕ್ಷ್ಮಮ್ಮ.

"ಅಮ್ಮಾ, ಗಂಗೆ ಪೂಜೆ ನೀರಿಗೆ ಮಾಡೋದು. ಗಿಡಕ್ಕಲ್ಲ."

"ನೀರೇ ಸ್ವಾಮಿ ಇದು" ಎಂದರು ಆಕೆ. ದನಿ ಎತ್ತರಿಸಲಿಲ್ಲ, ಆದರೂ ಎಲ್ಲರೂ ತಿರುಗಿ ನೋಡಿದರು. "ಬಾವೀಲಿ ನೀರಿದ್ದಾಗ, ಕೊಡ ಎತ್ಕೊಂಡು ಮ್ಯಾಲೆ ಬರೋ ಹೆಂಗಸ್ರು ಒಂದು ಬೊಗಸೆ ಇದ್ರ ಬುಡಕ್ಕೆ ಚೆಲ್ದೆ ಬರ್ತಿರ್ಲಿಲ್ಲ. ನಮ್ಮತ್ತೆ ಚೆಲ್ಲವ್ಳೆ. ನಾನು ಚೆಲ್ಲಿವ್ನಿ. ಬಾವಿ ಮುಚ್ಚೋಯ್ತು. ಆ ನೀರು ಎಲ್ಲಾದ್ರೂ ಉಳ್ದಿದ್ರೆ, ಇದ್ರ ಮೈಯಾಗೇ ಉಳ್ದಿರೋದು."

ಪುರೋಹಿತರು ರಾಮಾಂಜಿನಪ್ಪನವರ ಕಡೆ ನೋಡಿದರು. ರಾಮಾಂಜಿನಪ್ಪ ಫೋನನ್ನು ಕಿವಿಯಿಂದ ಇಳಿಸಿದ್ದರು. ಆ ಕಡೆಯವರು ಹಲೋ ಹಲೋ ಎನ್ನುವುದು ನಮಗೂ ಕೇಳುತ್ತಿತ್ತು. ಅವರು ಮರದ ಹತ್ತಿರ ಬಂದು, ಪಂಚೆ ಮಡಚಿ ಕುಕ್ಕರುಗಾಲಿನಲ್ಲಿ ಕೂತು, ಆ ಚಪ್ಪಟೆ ಬೇರನ್ನು ನೋಡಿದರು.

"ಇದನ್ನ ಹಿಡ್ಕೊಂಡೇ ನಾನು ಈಜು ಕಲ್ತಿದ್ದು" ಎಂದರು, ಯಾರಿಗೆ ಎಂದಿಲ್ಲದೆ. ಆಮೇಲೆ ಪುರೋಹಿತರಿಗೆ, "ಮಾಡಿ ಸ್ವಾಮಿ."

ಪೂಜೆಯಾಯಿತು. ನಾಗಲಕ್ಷ್ಮಮ್ಮ ಬುಡಕ್ಕೆ ಅರಿಶಿನ ಹಚ್ಚಿ, ಎರಡೂ ಕೈಯ ಬೊಗಸೆಯಲ್ಲಿ ನೀರು ತುಂಬಿ ಚೆಲ್ಲಿದರು. ಆಮೇಲೆ ಮಗ ಚೆಲ್ಲಿದ, ಸೊಸೆ ಚೆಲ್ಲಿದಳು, ಕೊನೆಗೆ ವಾದಿರಾಜನನ್ನೂ ಕರೆದು ಚೆಲ್ಲಿಸಿದರು. ಅವನ ಬೊಗಸೆಯಿಂದ ಅರ್ಧ ನೀರು ಹೊರಗೇ ಚೆಲ್ಲಿತು. ಕುಂಡದ ತೂತುಗಳಿಂದ ನೀರು ಇಳಿದು ಹೊಸ ಟೈಲ್ಸಿನ ಮೇಲೆ ಹರಿದು, ಬಾಗಿಲ ಕಡೆಗೆ ಹೋಗತೊಡಗಿತು. ಬಂದವರು ಜಾರಿಯಾರೆಂದು ಸೊಸೆ ಓಡಿಹೋಗಿ ನೆಲ ಒರೆಸುವ ಬಟ್ಟೆ ತಂದು ಬಗ್ಗಿದಳು.

ರಾಮಾಂಜಿನಪ್ಪ ಅವಳ ಕೈ ಹಿಡಿದು ನಿಲ್ಲಿಸಿದರು.

"ಬುಡು, ಒರಸ್ಬ್ಯಾಡ. ಬಾವಿ ನೀರು."